ಮಿಡ್‌ವೇಯಲ್ಲಿ ಮುಳುಗದ ನಾಲ್ಕು ಹಡಗು

ಗರಾಜಿನ ಬಾಗಿಲು ಇನ್ನೂ ಅರ್ಧ ಮೇಲೇರಿತ್ತು. ಸಾನ್ವಿ ಬಗ್ಗಿ ಒಳಗೆ ನುಗ್ಗಿದಳು. ಮರುಗಳಿಗೆಯಲ್ಲಿ ಅವಳ ಕೂಗು ಕೇಳಿಸಿತು.

"ಅಜ್ಜಾ! ಲಗೂ ಬಾ!"

ಯುಗಾದಿ ಊಟ ಮುಗಿಸಿ ಪಕ್ಕದ ತನ್ನ ಮನೆಗೆ ಹೊರಟಿದ್ದ ಕುಮುದಾ ಡ್ರೈವ್‌ವೇಯಿಂದಲೇ ಹಿಂತಿರುಗಿದಳು.

ಗರಾಜಿನ ನಡುವೆ, ಕಾರು ನಿಲ್ಲಬೇಕಾದ ಜಾಗದಲ್ಲಿ, ಒಂದು ದೊಡ್ಡ ಮೇಜು. ಮೇಜಿನ ತುಂಬ ಪೆಸಿಫಿಕ್ ಸಾಗರದ ನಕ್ಷೆ. ನಕ್ಷೆಯ ಮೇಲೆ ಬೆರಳುದ್ದದ ಯುದ್ಧನೌಕೆಗಳು ಮಗ್ಗುಲಾಗಿ ಬಿದ್ದಿದ್ದವು. ಕೆಳಗೆ ಸಿಮೆಂಟು ನೆಲದ ಮೇಲೆ ಬೂದು ಬಣ್ಣದ ಚೂರುಗಳ ಗುಪ್ಪೆ.

"ನಾಲ್ಕೂ ಹೋದವು ಆಂಟಿ," ಎಂದಳು ಸಾನ್ವಿ. "ಅಕಾಗಿ, ಕಾಗಾ, ಸೊರ್ಯು, ಹಿರ್ಯು. ನಾಲ್ಕೂ ವಿಮಾನವಾಹಕ."

ಅವಳ ಅಜ್ಜ ಅಪ್ಪಾಸಾಹೇಬರು ನಿಧಾನವಾಗಿ ಬಂದರು. ಮೇಜಿನ ಅಂಚು ಹಿಡಿದು ನಿಂತರು. ಬಗ್ಗಿ ನೋಡಲಿಲ್ಲ.

"ನೋಡೂದೇನೈತಿ," ಎಂದರು. "ನನ್ನ ಕಣ್ಣಿಗೆ ಪೊರಿ ಬಂದೈತಿ. ಇನ್ನೊಮ್ಮಿ ಮಾಡೂದಾಗಂಗಿಲ್ಲ. ಇವೇ ಕಡೀವು."

ಅಪ್ಪಾಸಾಹೇಬರು ವಿಜಯಪುರದಲ್ಲಿ ಹಲ್ಲಿನ ಡಾಕ್ಟರಾಗಿದ್ದವರು. ಈಗ ಡಲ್ಲಾಸ್ ಹತ್ತಿರದ ಲಿಟಲ್ ಎಲ್ಮ್‌ನಲ್ಲಿ ಮಗ ಆನಂದನ ಮನೆಯಲ್ಲಿದ್ದರು. ಹಲ್ಲು ಕೆರೆಯುವ ಸಲಕರಣೆಗಳನ್ನು ಸಂಗಡವೇ ತಂದಿದ್ದರು. ಎರಡು ಚಳಿಗಾಲ ಕೂತು, ಅದೇ ಸಲಕರಣೆಗಳಿಂದ ಮೊಮ್ಮಗಳಿಗಾಗಿ ಒಂದು ನೌಕಾಪಡೆಯನ್ನೇ ಕೆತ್ತಿದ್ದರು.

ಇದು ಆಟ. ಆದರೆ ಹುಡುಗಾಟವಲ್ಲ. 1942ರ ಜೂನ್‌ನಲ್ಲಿ ಮಿಡ್‌ವೇ ದ್ವೀಪದ ಹತ್ತಿರ ಅಮೆರಿಕದ ವಿಮಾನಗಳು ಜಪಾನಿನ ಈ ನಾಲ್ಕು ವಿಮಾನವಾಹಕ ನೌಕೆಗಳನ್ನು ಮುಳುಗಿಸಿದವು. ಯುದ್ಧದ ದಿಕ್ಕು ಬದಲಾಯಿತು. ಅದು ಇತಿಹಾಸ. ಆಟ ಶುರುವಾಗುವುದು ಒಂದು ಪ್ರಶ್ನೆಯಿಂದ. ಅಂದು ಆ ವಿಮಾನಗಳಿಗೆ ಜಪಾನಿನ ಹಡಗುಗಳು ಕಾಣದೇ ಹೋಗಿದ್ದರೆ? ನಾಲ್ಕೂ ಉಳಿದಿದ್ದರೆ? ಆಮೇಲೆ ಏನು?

ಮುಂದಿನ ಶನಿವಾರ ಆಸ್ಟಿನ್‌ನಲ್ಲಿ ಈ ಆಟದ ಟೂರ್ನಮೆಂಟಿನ ಫೈನಲ್. ಡಲ್ಲಾಸ್ ತಂಡದ ಪರವಾಗಿ ಹದಿನಾರರ ಸಾನ್ವಿ ಜಪಾನ್. ಹ್ಯೂಸ್ಟನ್ ತಂಡದ ಅನಿರುದ್ಧ್ ಅಮೆರಿಕ. ನಿಯಮ ಕಟ್ಟುನಿಟ್ಟು. ಹಡಗುಗಳು ಆಡುವವರ ಮನೆಯಲ್ಲೇ ತಯಾರಾಗಿರಬೇಕು. ಎರವಲು ನಡೆಯದು. ನಾಲ್ಕರಲ್ಲಿ ಒಂದು ಕಡಿಮೆಯಾದರೂ ಜಪಾನಿನ ಕುರ್ಚಿ ಇಲ್ಲ.

"ಅಂದ್ರೆ ನಾನು ಔಟ್," ಎಂದಳು ಸಾನ್ವಿ. ಕಣ್ಣು ಕೆಂಪಾಗಿತ್ತು. ಅಳಲಿಲ್ಲ. "ಆದ್ರ ನಾ ಹೋಗೇ ಹೋಗ್ತೀನಿ. ಹಡಗ ಇಲ್ದಿದ್ರೂ ಹೋಗಿ ಆ ಟೇಬಲ್ ಮುಂದ ನಿಂದರ್ತೀನಿ. ಯಾರು ಮಾಡ್ಯಾರೋ ಅವರು ನನ್ನ ಮಾರಿ ನೋಡ್ಲಿ."

ಅವಳ ಅಜ್ಜಿ ಸುಮಿತ್ರವ್ವ ಕಸಬರಿಗೆ, ಮೊರ ಹಿಡಿದು ಬಂದರು. ಹಬ್ಬದ ದಿನ ಒಡೆದದ್ದು ಮನೆಯಲ್ಲಿರಬಾರದು.

"ಒಂದ್ನಿಮಿಷ ತಾಳಿ ಸುಮಿತ್ರಮ್ಮ," ಎಂದಳು ಕುಮುದಾ. "ಗುಡಿಸ್ಬೇಡಿ."

* * *

ಕುಮುದಾಳ ಕೆಲಸವೇ ಒಡೆದದ್ದನ್ನು ನೋಡುವುದು. ವಿಮಾ ಕಂಪನಿಯೊಂದಕ್ಕೆ ಹಾನಿ ಪರಿಶೀಲಿಸಿ ವರದಿ ಕೊಡುತ್ತಿದ್ದಳು. ಟೆಕ್ಸಸ್‌ನಲ್ಲಿ ಆಲಿಕಲ್ಲಿನ ಕಾಲ ಬಂತೆಂದರೆ ಅವಳಿಗೆ ಉಸಿರಾಡಲು ಪುರಸೊತ್ತಿಲ್ಲ. ಛಾವಣಿ, ಕಾರು, ಕಿಟಕಿ. ಯಾವ ಗಾಜು ಕಲ್ಲು ಬಿದ್ದು ಒಡೆಯಿತು, ಯಾವುದನ್ನು ಮಾಲೀಕನೇ ಸುತ್ತಿಗೆಯಿಂದ ಒಡೆದ ಎಂದು ಅವಳು ನಿಂತಲ್ಲೇ ಹೇಳಬಲ್ಲಳು.

ಅವಳು ಗುಪ್ಪೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಒಡೆದ ಸದ್ದು ಯಾರಿಗಾದ್ರೂ ಕೇಳಿಸ್ತಾ?"

"ಎಲ್ಲಿಂದ ಕೇಳ್ಬೇಕು ಅಕ್ಕ?" ಎಂದ ಹಿಂದೆಯೇ ಬಂದ ಆನಂದ್. "ಮನೆ ತುಂಬ ಜನ ಇದ್ರು. ಮೇಲಾಗಿ ಹೋಳಿಗೆ ಹೊತ್ತು."

"ಮೇಜಿಂದ ಬಿದ್ದು ಒಡೆದ್ರೆ ಚೂರು ಆ ಗೋಡೆವರೆಗೂ ಸಿಡೀಬೇಕು. ಇದು ನೋಡಿ, ಅಕ್ಕಿ ಸುರಿದ ಹಾಗೆ ಒಂದೇ ಕಡೆ ಇದೆ."

ಅವಳು ಎದ್ದು ಮೇಜಿನ ಮೇಲಿನ ಸಣ್ಣ ಹಡಗುಗಳನ್ನು ನೋಡಿದಳು. ಮಗ್ಗುಲಾಗಿದ್ದವು. ಆದರೆ ಸೂಜಿಯಂಥ ಫಿರಂಗಿಗಳಲ್ಲಿ ಒಂದೂ ಮುರಿದಿರಲಿಲ್ಲ. ಸಿಟ್ಟಿನಲ್ಲಿ ಕೈ ಬೀಸಿದವನ ಕೆಲಸವಲ್ಲ ಇದು. ಒಂದೊಂದನ್ನೇ ಎತ್ತಿ ಮಲಗಿಸಿದ್ದು.

"ಇವತ್ತು ಗರಾಜಿಗೆ ಯಾರ್ಯಾರು ಬಂದಿದ್ರು?"

"ಎಲ್ಲಾರೂ," ಎಂದರು ಸುಮಿತ್ರವ್ವ. "ಕುರ್ಚಿ ಇಟ್ಟದ್ದು ಇಲ್ಲೇ. ಕೋಕ್ ಕ್ಯಾನ್ ಇಟ್ಟಿದ್ದೂ ಇಲ್ಲೇ. ನನ್ನ ಖಾಲಿ ಡಬ್ಬಿ ಎಲ್ಲಾ ಇಲ್ಲೇ ಗ್ವಾಡಿ ಮಾಡದ ಮ್ಯಾಲೆ."

"ನನಗೆ ಗೊತ್ತೈತಿ," ಎಂದಳು ಸಾನ್ವಿ. "ನಂದಕುಮಾರ್ ಅಂಕಲ್. ಅನಿರುದ್ಧ್‌ನ ಡ್ಯಾಡ್. ಊಟಕ್ಕ ಕೂತಾಗ ಏನಂದ್ರು ಹೇಳು ಆಯಿ."

ಸುಮಿತ್ರವ್ವ ಮಗನ ಮುಖ ನೋಡಿದರು. ಆನಂದನೇ ಹೇಳಿದ. "'ನಿಮ್ ಹಡಗು ಆಸ್ಟಿನ್‌ವರೆಗೂ ತೇಲ್ಕೊಂಡ್ ಬರುತ್ತಾ ಇಲ್ಲಾ ದಾರೀಲೇ ಮುಳುಗುತ್ತಾ' ಅಂದ. ತಮಾಷೆಗೆ."

"ಮತ್ತೆ ನೀವು, ಆನಂದ್? ಬೆಳಿಗ್ಗೆ ಮಗಳನ್ನ ಗದರಿದ್ದು ನಮ್ಮನೆವರೆಗೂ ಕೇಳಿಸ್ತು."

ಆನಂದ್ ಕೆರಳಿದ. "ಆಟ ಬಿಟ್ಟು ಎಸ್‌ಎಟಿ ಪರೀಕ್ಷೆಗೆ ಓದು ಅಂದೆ. ಅಪ್ಪ ಆಗಿ ಅಷ್ಟೂ ಹೇಳಬಾರದಾ? ಅಷ್ಟಕ್ಕೆ ನಮ್ಮಪ್ಪ ಮಾಡಿದ್ದನ್ನ ನಾನೇ ಒಡೀತೀನಾ?"

ಕುಮುದಾ ಮತ್ತೆ ಗುಪ್ಪೆಯ ಮುಂದೆ ಕೂತಳು. ಚೂರುಗಳನ್ನೆಲ್ಲ ಒಂದು ಜಿಪ್‌ಲಾಕ್ ಚೀಲಕ್ಕೆ ತುಂಬಿಕೊಂಡಳು.

* * *

ಮರುದಿನ ಮೋಹನರಾಜ ಬಂದ. ಸೌತ್‌ಲೇಕ್‌ನವನು, ಡಲ್ಲಾಸ್ ತಂಡದ ಹಿರಿಯ. ಯುಗಾದಿ ಊಟಕ್ಕೂ ಬಂದಿದ್ದ, ಹೆಂಡತಿ ಸರೋಜಾ ಇಲ್ಲದೆ ಒಬ್ಬನೇ. ಸಾನ್ವಿಗೆ ಆಟ ಕಲಿಸಿದವನೂ ಅವನೇ. ಪೆಸಿಫಿಕ್ ಯುದ್ಧದ ಬಗ್ಗೆ ಓದಲು ಕೂತರೆ ಊಟ ಮರೆಯುವವನು. ಫೆಬ್ರವರಿಯಲ್ಲಿ ತಂಡದ ಆಯ್ಕೆಗೆಂದು ಇದೇ ಮೇಜಿನಲ್ಲಿ ಆಡಿದಾಗ ಸಾನ್ವಿ ಅವನನ್ನು ಸೋಲಿಸಿದ್ದಳು.

ಆ ಆಟವನ್ನು ಡಲ್ಲಾಸ್‌ನವರು ಇನ್ನೂ ನೆನೆಯುತ್ತಿದ್ದರು. ಮಿಡ್‌ವೇ ಗೆದ್ದ ಜಪಾನ್ ಮುಂದೆ ಹವಾಯಿಗೆ ಹೋಗಬೇಕು. ಅದು ಎಲ್ಲರ ಲೆಕ್ಕ. ಜಾಗ ಸಾಲದೆಂದು ನಕ್ಷೆಯ ಎಡಗಡೆಯನ್ನು ಯಾವಾಗಲೂ ಮೇಜಿನ ಕೆಳಕ್ಕೆ ಮಡಚುತ್ತಿದ್ದರು. ಸಾನ್ವಿ ಎದ್ದು ಆ ಮಡಿಕೆ ಬಿಚ್ಚಿದ್ದಳು. ಹಿಂದೂ ಮಹಾಸಾಗರ. ಕೊಲಂಬೊ, ಕೊಚ್ಚಿ, ಕಾರವಾರ, ಆಚೆಗೆ ಪರ್ಷಿಯಾದ ಎಣ್ಣೆ. ನಾಲ್ಕೂ ಹಡಗುಗಳನ್ನು ತಿರುಗಿಸಿ ಪಶ್ಚಿಮಕ್ಕೆ ಓಡಿಸಿದ್ದಳು. "ಎಣ್ಣಿ ಇಲ್ದ ಬ್ರಿಟಿಷರು ಎಷ್ಟು ದಿನ ಹೊಡದಾಡ್ತಾರ? ಅವರಿಲ್ದ ಅಮೆರಿಕ ಒಂದ ಎಷ್ಟು ಕಡೆ ನಿಂದರ್ತೈತಿ?" ಎಂದಿದ್ದಳು. ಹವಾಯಿಯಲ್ಲಿ ಕಾದು ಕೂತಿದ್ದ ಮೋಹನರಾಜನ ಅಮೆರಿಕಕ್ಕೆ ಹೊಡೆಯಲು ಶತ್ರುವೇ ಸಿಕ್ಕಿರಲಿಲ್ಲ.

ಈಗ ಅವನು ಅವಳ ತಲೆ ಸವರಿದ. "ಬೇಜಾರ್ ಮಾಡ್ಕೋಬೇಡ ಪುಟ್ಟಾ. ನಾನು ರಿಸರ್ವ್ ಇದ್ದೀನಲ್ಲ. ನನ್ನ ಫ್ಲೀಟ್ ರೆಡಿ ಇದೆ. ಡಲ್ಲಾಸ್ ಹೆಸರು ಉಳಿಸ್ಬೇಕಲ್ವಾ. ನೀನು ಪಕ್ಕದಲ್ಲಿ ಕೂತ್ಕೋ."

"ಪಕ್ಕದಾಗ ಯಾಕ ಕೂಡ್ಲಿ?" ಎಂದಳು ಸಾನ್ವಿ.

"ಏನು?"

"ಗೆದ್ದಾಕಿ ನಾನು ಅಂಕಲ್. ನೀವಲ್ಲ."

"ಸಾನ್ವಿ!" ಆನಂದ್ ಗದರಿದ.

ಮೋಹನರಾಜ ನಕ್ಕ. "ಬಿಡಪ್ಪ. ನೊಂದಿದೆ ಮಗು. ನೋಡು ಪುಟ್ಟಾ, ನಿನ್ನ ಆ ಕೊಲಂಬೊ ಪ್ಲಾನು ಒಂದ್ಸಲ ನಡೀತು. ಅದು ಹಿಸ್ಟರಿ ಅಲ್ಲ, ಗಿಮಿಕ್. ಜಪಾನಿನ ಯಾವ ಅಡ್ಮಿರಲ್ಲೂ ಹವಾಯಿ ಬಿಟ್ಟು ಆ ಕಡೆ ತಿರುಗ್ತಿರ್ಲಿಲ್ಲ."

"ಅದಕ್ಕ ಅಲ್ಲೇನ್ರಿ ಅವರು ಸೋತದ್ದು?"

ಸುಮಿತ್ರವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನಗುವಿಗೋ ಗಾಬರಿಗೋ ತಿಳಿಯಲಿಲ್ಲ.

* * *

ಬುಧವಾರ ಕುಮುದಾಳಿಗೆ ಹ್ಯೂಸ್ಟನ್ ಕಡೆ ಕೆಲಸ ಬಿತ್ತು. ಕೇಟಿಯಲ್ಲಿ ಆಲಿಕಲ್ಲು ಸುರಿದು ಒಂದು ಬೀದಿಯ ಛಾವಣಿಗಳೆಲ್ಲ ಜಜ್ಜಿಹೋಗಿದ್ದವು. ಕೆಲಸ ಮುಗಿಸಿ ಅವಳು ಪಕ್ಕದ ಫುಲ್‌ಶೀರ್‌ಗೆ ಕಾರು ತಿರುಗಿಸಿದಳು. ನಂದಕುಮಾರನ ಮನೆ ಹೊಸ ಬಡಾವಣೆಯಲ್ಲಿತ್ತು. ಅಂಗಳದ ಗಿಡಗಳಿಗೆ ಇನ್ನೂ ಊರುಗೋಲು ಕಟ್ಟಿತ್ತು.

ನಂದಕುಮಾರ್ ಬಾಗಿಲಲ್ಲೇ ಶುರು ಮಾಡಿದ.

"ಬನ್ನಿ ಬನ್ನಿ ಸಿಐಡಿ ಮೇಡಂ. ಅರೆಸ್ಟ್ ಮಾಡಕ್ ಬಂದ್ರಾ? ಒಂದ್ ತಮಾಷೆ ಮಾಡಿದ್ದಕ್ಕೆ ಡಲ್ಲಾಸ್ ಪೂರ್ತಿ ನನ್ನ ವಿಲನ್ ಮಾಡಿದೆ. ವಾಟ್ಸಾಪ್‌ನಲ್ಲಿ ಗುಡ್ ಮಾರ್ನಿಂಗ್ ಕಳಿಸ್ತಿದ್ದೋರೂ ನಿಲ್ಸಿದ್ದಾರೆ. ಅದೊಂದೇ ಲಾಭ."

"ನೀವು ಗರಾಜಿಗೆ ಹೋಗಿದ್ರಾ?"

"ಹೋಗಿದ್ದೆ. ಕೋಕ್ ತರಕ್ಕೆ. ಹಡಗು ನೋಡ್ದೆ. ಹೊಟ್ಟೆ ಉರೀತು. ಆ ಥರ ಕೆಲಸ ನಮ್ಮಲ್ಲಿ ಯಾರೂ ಮಾಡಲ್ಲ. ಹೊಟ್ಟೆ ಉರ್ಕೊಂಡೇ ಹೋಳಿಗೆ ತಿಂದೆ, ಬಂದೆ."

ಅವನ ಮಗ ಅನಿರುದ್ಧ್ ಮೆಟ್ಟಿಲಿಳಿದು ಬಂದ. ಸಾನ್ವಿಯದೇ ವಯಸ್ಸು. "ಆಂಟಿ, ಐ ಡೋಂಟ್ ವಾಂಟ್ ಟು ಪ್ಲೇ ಮೋಹನ್ ಅಂಕಲ್," ಎಂದ. "ಅವರು ಏನು ಮಾಡ್ತಾರೆ ಅಂತ ಎಲ್ರಿಗೂ ಗೊತ್ತು. ಸಾನ್ವಿ ಏನು ಮಾಡ್ತಾಳೆ ಅಂತ ಅವಳಿಗೇ ಗೊತ್ತಿರಲ್ಲ. ದಟ್ಸ್ ದ ಫನ್."

ಕುಮುದಾ ಅವನ ಹಡಗುಗಳನ್ನು ನೋಡಬೇಕೆಂದಳು. ಮನೆಯದೇ ತ್ರೀಡಿ ಪ್ರಿಂಟರಿನಲ್ಲಿ ಮಾಡಿದ್ದು. ಮುರಿದ ಒಂದನ್ನು ತೋರಿಸಿದ. ಒಳಗೂ ಹೊರಗೂ ಒಂದೇ ಬೂದಿ ಬಣ್ಣ. ಅವಳು ಚೀಲ ಬಿಚ್ಚಿ ಚೂರುಗಳನ್ನು ಮೇಜಿನ ಮೇಲೆ ಸುರಿದಳು. ಇವುಗಳ ಒಳಮೈ ಬಿಳಿ.

ಅನಿರುದ್ಧ್ ಒಂದು ಚೂರನ್ನು ಬೆಳಕಿಗೆ ಹಿಡಿದ. ಹುಬ್ಬು ಗಂಟಿಕ್ಕಿದ.

"ಇದು ಕಿಟ್. ಅಂಗಡೀಲಿ ಸಿಗುತ್ತಲ್ಲ, ಎರಡು ಭಾಗ ತಂದು ಅಂಟಿಸೋದು. ಸೀ, ಗಮ್ ಲೈನ್. ಆದ್ರೆ ಸಾನ್ವಿ ಹಡಗು ಕಿಟ್ ಅಲ್ಲ. ಅವಳ ಅಜ್ಜ ಏನೋ ಟೀತ್ ಸ್ಟಫ್‌ನಲ್ಲಿ ಮಾಡ್ತಾರೆ ಅಂತ ಅವಳೇ ಹೇಳಿದ್ಲು."

ಕುಮುದಾ ಚೂರುಗಳನ್ನು ಮತ್ತೆ ಚೀಲಕ್ಕೆ ತುಂಬಿದಳು.

"ಕಾಫಿ ಕುಡಿದು ಹೋಗಿ ಮೇಡಂ," ಎಂದ ನಂದಕುಮಾರ್. "ವಿಷ ಹಾಕಿರಲ್ಲ."

"ಇನ್ನೊಂದ್ಸಲ ಬರ್ತೀನಿ. ನಿಮ್ಮ ಗುಡ್ ಮಾರ್ನಿಂಗ್ ಬೇಗ ವಾಪಸ್ ಬರ್ತವೆ. ತಯಾರಾಗಿರಿ."

* * *

ಗುರುವಾರ ಅಪ್ಪಾಸಾಹೇಬರು ಪಡಸಾಲೆಯ ಸೋಫಾದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಟಿವಿ ತನ್ನಷ್ಟಕ್ಕೆ ಮಾತಾಡುತ್ತಿತ್ತು.

"ಅಪ್ಪಾಸಾಹೇಬ್ರೇ, ಹಡಗು ಯಾವುದರಲ್ಲಿ ಮಾಡಿದ್ದು?"

"ಅದ ರೀ, ಹಲ್ಲಿನ ಸೆಟ್ಟಿಗೆ ಹಾಕ್ತೀವಲ್ಲ. ಒಸಡು ಮಾಡೂ ಪುಡಿ. ನೀರಿನಂಥಾದೊಂದು ಹಾಕಿ ಕಲಸಿದ್ರ ಕಲ್ಲಿನಂಗ ಆಕ್ಕೈತಿ."

"ಅದರ ಬಣ್ಣ?"

"ಒಸಡಿನ ಬಣ್ಣ ಏನಿರ್ತೈತವಾ? ಗುಲಾಬಿ." ಅವರು ಮೊದಲ ಬಾರಿಗೆ ನಕ್ಕರು. "ಬಣ್ಣ ಹಚ್ಚೂಕ್ಕಿಂತ ಮೊದಲು ಜಪಾನಿನ ನೌಕಾಪಡೆ ಬೊಚ್ಚುಬಾಯಿ ಮುದುಕರ ಜಾತ್ರಿ ಹಂಗ ಕಾಣ್ತಿತ್ತು."

ಕುಮುದಾ ಗರಾಜಿಗೆ ನಡೆದಳು. ಒಂದು ಸಣ್ಣ ಹಡಗನ್ನು ಮಗುಚಿ ತಳವನ್ನು ಉಗುರಿನಿಂದ ಗೀರಿದಳು. ಬೂದಿ ಬಣ್ಣ ಎದ್ದಿತು. ಕೆಳಗೆ ಗುಲಾಬಿ.

ಸಾನ್ವಿ ಬಾಗಿಲಲ್ಲಿ ನಿಂತಿದ್ದಳು. ಚೀಲದೊಳಗಿನ ಬಿಳಿ ಚೂರು ನೋಡಿದಳು. ಹಡಗಿನ ತಳ ನೋಡಿದಳು.

"ಆಂಟಿ. ಇವು ನಮ್ಮವಲ್ಲ!"

"ಅಲ್ಲ. ನಿಮ್ಮವು ಒಡೆದಿಲ್ಲ. ಯಾರೋ ಮನೇಲೇ ಬೇರೆ ಹಡಗು ಒಡೆದು, ಚೂರು ಜೇಬಲ್ಲಿ ತಂದು ಇಲ್ಲಿ ಸುರಿದಿದ್ದಾರೆ. ಕಳುವಾದದ್ದನ್ನ ಜನ ಹುಡುಕ್ತಾರೆ. ಒಡೆದದ್ದನ್ನ ಗುಡಿಸಿ ಬಿಸಾಡ್ತಾರೆ."

"ಹಂಗಾದ್ರ ಯಾರ ಹತ್ರ ಅದಾವ?"

"ಒಳಗೆ ಗುಲಾಬಿ ಇದೆ ಅಂತ ಗೊತ್ತಿಲ್ಲದವರ ಹತ್ರ. ನಿಮ್ಮಪ್ಪನಿಗೆ ಗೊತ್ತು. ಅನಿರುದ್ಧ್ ಮನೇಲೂ ಅರ್ಧ ಗೊತ್ತು. ಅವರು ಯಾರೂ ಅಲ್ಲ."

ಆಗಲೇ ಸುಮಿತ್ರವ್ವ ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದರು. ತುಂಬ ಕೋಡುಬಳೆ.

"ತಿನ್ರಿ ಕುಮುದಾ. ಸರೋಜಾ ಈಗ ಬಂದು ಕೊಟ್ಟು ಹೋದ್ಲು. 'ಹಬ್ಬದ ದಿನ ನಿಮ್ಮ ಡಬ್ಬಿ ನಮ್ಮನಿಗೆ ಬಂದಿತ್ತು, ಖಾಲಿ ಹೆಂಗ ಕೊಡ್ಲಿ' ಅಂದ್ಲು. ಭಾಳ ಛಲೋ ಮನಶಾಳು." ಅವರು ಡಬ್ಬಿಯನ್ನು ತಿರುಗಿಸಿದರು. ಪಕ್ಕದಲ್ಲಿ ಚುಕ್ಕಿ ಚುಕ್ಕಿಯಾಗಿ 'ಸುಮಿತ್ರವ್ವ' ಎಂದು ಕೆತ್ತಿತ್ತು. ವಿಜಯಪುರದ ಪಾತ್ರೆ ಅಂಗಡಿಯ ಕೆಲಸ. "ಆದ್ರ ಒಂದ ತಿಳೀವಲ್ದು. ನಾ ಇದನ್ನ ಆಕಿಗೆ ಕೊಟ್ಟಿಲ್ಲ."

"ಹೋಳಿಗೆ ಹಾಕಿ ಕೊಟ್ಟಿರಬಹುದಲ್ಲ?"

"ಹೋಳಿಗಿ ಎಲ್ಲಾರಿಗೂ ಮೊಸರಿನ ಪ್ಲಾಸ್ಟಿಕ್ ಡಬ್ಬಿಯೊಳಗ ಕೊಟ್ಟೀನ್ರಿ. ಊರಿಂದ ಹೊತಗೊಂಡು ಬಂದ ಸ್ಟೀಲ್ ಡಬ್ಬಿ ನಾ ಯಾರಿಗೂ ಕೊಡಂಗಿಲ್ಲ. ಕೊಟ್ಟದ್ದು ಈ ದೇಶದಾಗ ತಿರುಗಿ ಬರೂದಿಲ್ಲ. ಇದು ಅಕಾ, ಆ ಮಾಡದ ಮ್ಯಾಲೆ ಖಾಲಿ ಇತ್ತು."

ಕುಮುದಾ ಮಾಡ ನೋಡಿದಳು. ಸಾಲು ಡಬ್ಬಿಗಳ ನಡುವೆ ಒಂದು ಜಾಗ ಖಾಲಿ. ಮಾಡದಿಂದ ಮೇಜು ಒಂದು ಹೆಜ್ಜೆ.

ಅವಳು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ಬಹಳ ಚೆನ್ನಾಗಿತ್ತು. ಅದೇ ಬೇಜಾರು.

"ಸಾನ್ವಿ, ಶನಿವಾರ ಆಸ್ಟಿನ್‌ಗೆ ಹೋಗೋಣ. ನಿನ್ನ ಸಣ್ಣ ಹಡಗೆಲ್ಲ ಪ್ಯಾಕ್ ಮಾಡು."

"ದೊಡ್ಡವು?"

"ಅವು ಬೇರೆ ಕಾರಲ್ಲಿ ಬರ್ತವೆ ಅನ್ಸುತ್ತೆ."

* * *

ಐ‑35 ಹೆದ್ದಾರಿಯ ಎರಡೂ ಬದಿಗೆ ನೀಲಿ ಹೂ ಚೆಲ್ಲಿತ್ತು. ಆನಂದ್ ದಾರಿಯುದ್ದಕ್ಕೂ ಗೊಣಗಿದ. "ಹಡಗಿಲ್ಲ, ಆಟ ಇಲ್ಲ. ಅಲ್ಲಿ ಹೋಗಿ ಮರ್ಯಾದೆ ಕಳ್ಕೋಬೇಕಾ?" ಸಾನ್ವಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡಳು. ಹಿಂದಿನ ಸೀಟಿನಲ್ಲಿ ಸುಮಿತ್ರವ್ವ ಎಲ್ಲರಿಗೂ ಮೊಸರನ್ನ ಹಂಚಿದರು.

ಹೋಟೆಲಿನ ದೊಡ್ಡ ಸಭಾಂಗಣ. ನಡುವೆ ಫೈನಲ್‌ನ ಮೇಜು. ಸುತ್ತ ಕುರ್ಚಿಗಳು. ಜಪಾನಿನ ಕುರ್ಚಿಯಲ್ಲಿ ಮೋಹನರಾಜ ಆಗಲೇ ಕೂತು ತನ್ನ ಹಡಗುಗಳನ್ನು ಜೋಡಿಸುತ್ತಿದ್ದ. ಅವನ ಹೆಂಡತಿ ಸರೋಜಾ ಹಿಂದೆ ನಿಂತಿದ್ದಳು. ಎದುರಿಗೆ ಅನಿರುದ್ಧ್, ಅವನ ಬೆನ್ನಿಗೆ ನಂದಕುಮಾರ್. ರೆಫರಿ ಒಬ್ಬ ಬಿಳಿ ಗಡ್ಡದ ಅಮೆರಿಕನ್.

"ಬಾ ಪುಟ್ಟಾ, ಇಲ್ಲಿ ಕೂತ್ಕೋ," ಎಂದ ಮೋಹನರಾಜ, ಪಕ್ಕದ ಸ್ಟೂಲ್ ತೋರಿಸಿ.

ಸಾನ್ವಿ ಕೂರಲಿಲ್ಲ. ಮೇಜಿನ ಮುಂದೆ ನಿಂತಳು. ಹೇಳಿದ್ದಂತೆಯೇ.

ಕುಮುದಾ ರೆಫರಿಯಿಂದ ಸ್ವಲ್ಪ ಸಮಯ ಕೇಳಿಕೊಂಡಳು. ಆಮೇಲೆ ಸರೋಜಾಳತ್ತ ತಿರುಗಿದಳು.

"ಕೋಡುಬಳೆ ತುಂಬ ಚೆನ್ನಾಗಿತ್ತು ಸರೋಜಾ."

"ಹೌದಾ? ಸ್ವಲ್ಪ ಖಾರ ಜಾಸ್ತಿ ಆಯ್ತು ಅನ್ಕೊಂಡೆ."

"ಆ ಡಬ್ಬಿ ನಿಮಗೆ ಎಲ್ಲಿ ಸಿಕ್ತು?"

"ನಮ್ಮನೇಲೇ. ಇವರ ವರ್ಕ್‌ಬೆಂಚ್ ಮೇಲಿತ್ತು. ಸುಮಿತ್ರಮ್ಮನ ಹೆಸರಿತ್ತಲ್ಲ, ಹೋಳಿಗೆ ಹಾಕ್ಕೊಟ್ಟಿರ್ತಾರೆ, ಇವರು ಅಲ್ಲೇ ತಿಂದು ಬಿಟ್ಟಿರ್ತಾರೆ ಅನ್ಕೊಂಡೆ. ಒಳಗೆ ಹತ್ತಿ ಬೇರೆ ತುರುಕಿದ್ರು. ತೊಳೆದು..."

ಅವಳ ಮಾತು ಅಲ್ಲೇ ನಿಂತಿತು. ಮೋಹನರಾಜನ ಕೈಯೂ ನಿಂತಿತ್ತು.

"ಸರೋಜಾ, ಸುಮ್ನಿರು," ಎಂದ ಅವನು ಮೆಲ್ಲಗೆ.

ಕುಮುದಾ ಜಿಪ್‌ಲಾಕ್ ಚೀಲ ಮೇಜಿನ ಮೇಲಿಟ್ಟಳು.

"ಮೋಹನರಾಜ್ ಅವ್ರೇ, ನಾನು ಹೇಳ್ತೀನಿ. ತಪ್ಪಿದ್ರೆ ತಿದ್ದಿ. ಇದು ಸಾನ್ವಿ ಗರಾಜಲ್ಲಿ ಸಿಕ್ಕಿದ್ದು. ಕಿಟ್ ಹಡಗಿನ ಚೂರು. ಒಳಗೆ ಬಿಳಿ, ನಡುವೆ ಗಮ್ ಗೆರೆ. ನೀವು ಈಗ ಜೋಡಿಸ್ತಿರೋದೂ ಕಿಟ್ ಹಡಗೇ. ಒಡೆದದ್ದು ನಿಮ್ಮ ಹಳೇ ಸೆಟ್. ಚೂರೆಲ್ಲ ಒಂದೇ ಕಡೆ ಗುಪ್ಪೆ ಬಿದ್ದಿತ್ತು. ಯಾಕಂದ್ರೆ ಅವು ಅಲ್ಲಿ ಒಡೆದಿರ್ಲೇ ಇಲ್ಲ. ಸುರಿದದ್ದು."

"ಡಲ್ಲಾಸ್‌ನಲ್ಲಿ ಕಿಟ್ ಮಾಡೋರು ನಾನೊಬ್ನೇನಾ?"

"ಅಲ್ಲ. ಆದ್ರೆ ಅಪ್ಪಾಸಾಹೇಬರ ಹಡಗು ಅಂಥದಲ್ಲ." ಅವಳು ಸಣ್ಣ ಹಡಗೊಂದನ್ನು ಮಗುಚಿ ಇಟ್ಟಳು. ತಳದಲ್ಲಿ ಗುಲಾಬಿ ಗೀರು. "ಹಲ್ಲಿನ ಸೆಟ್ಟಿನ ಪುಡಿ. ಆ ಮನೇಲಿ ಎಲ್ರಿಗೂ ಗೊತ್ತು. ಸಾನ್ವಿ ಅನಿರುದ್ಧ್‌ಗೂ ಹೇಳಿದ್ಲು. ನೀವು ವರ್ಷಗಟ್ಲೆ ಅದೇ ಮೇಜಲ್ಲಿ ಆಡಿದ್ರಿ. ಒಂದ್ಸಲನಾದ್ರೂ 'ಇದನ್ನ ಹೇಗೆ ಮಾಡಿದ್ರಿ' ಅಂತ ಅವರನ್ನ ಕೇಳಿದ್ರಾ?"

ಮೋಹನರಾಜ ಕೈಯಲ್ಲಿದ್ದ ಹಡಗನ್ನು ಮೇಜಿನ ಮೇಲಿಟ್ಟ.

"ಬರಿಗೈಲಿ ಒಯ್ದರೆ ಮುರೀತವೆ. ಮೇಜಿನ ಪಕ್ಕದ ಮಾಡದಿಂದ ಒಂದು ಡಬ್ಬಿ ಇಳಿಸಿಕೊಂಡ್ರಿ. ಹಬ್ಬದೂಟ ಮುಗಿಸಿ ಕೈಯಲ್ಲಿ ಡಬ್ಬಿ ಹಿಡಿದು ಹೊರಟವರನ್ನ ಯಾರು ತಡೀತಾರೆ? ಎಲ್ಲರ ಕೈಯಲ್ಲೂ ಒಂದೊಂದು ಡಬ್ಬಿ ಇತ್ತು. ಆದ್ರೆ ಬೇರೆಯವರದ್ದು ಪ್ಲಾಸ್ಟಿಕ್. ಸ್ಟೀಲ್ ಡಬ್ಬಿಗೆ ಹೆಸರಿರುತ್ತೆ ಅನ್ನೋದು ನಿಮಗೆ ಹೊಳೀಲಿಲ್ಲ. ಪಾತ್ರೆ ತೊಳೆಯೋರಿಗೆ ಮಾತ್ರ ಅದು ಕಾಣುತ್ತೆ. ಹಡಗು ಬೇರೆ ಕಡೆ ಇಟ್ರಿ. ಡಬ್ಬಿ ಮರೆತ್ರಿ. ಖಾಲಿ ಡಬ್ಬಿ ಕಂಡ್ರೆ ನಮ್ಮ ಹೆಂಗಸರು ಏನು ಮಾಡ್ತಾರೆ? ತುಂಬಿಸಿ ವಾಪಸ್ ಕೊಡ್ತಾರೆ."

"ನಾನು ಒಡೀಲಿಲ್ಲ," ಎಂದ ಮೋಹನರಾಜ. "ಒಡೆಯೋಕ್ಕೆ ಮನಸ್ಸು ಬರ್ಲಿಲ್ಲ. ಟೂರ್ನಮೆಂಟ್ ಆದ್ಮೇಲೆ ಸಿಕ್ತು ಅಂತ ಕೊಟ್ಬಿಡ್ತಿದ್ದೆ. ಮೂವತ್ತು ವರ್ಷದಿಂದ ಓದ್ತಿದ್ದೀನಿ ಇದನ್ನ. ಒಂದು ಮಗು ಬಂದು, ನಕ್ಷೆ ಬಿಚ್ಚಿ... ಎಲ್ಲರೂ ನಕ್ಕರು."

"ಯಾರೂ ನಗಲಿಲ್ಲ ಅಂಕಲ್," ಎಂದಳು ಸಾನ್ವಿ. "ಚಪ್ಪಾಳಿ ಹೊಡದ್ರು. ನೀವೂ ಹೊಡದ್ರಿ."

ಆನಂದ್ ಮುಂದೆ ಬಂದ. ಸುತ್ತಲೂ ನೋಡಿ ದನಿ ತಗ್ಗಿಸಿದ. "ಆಯ್ತು, ಇಲ್ಲಿಗೆ ಬಿಡೋಣ. ನಮ್ಮ ನಮ್ಮವರ ವಿಷಯ. ಹೊರಗಿನವರ ಮುಂದೆ ಬೇಡ. ಮೋಹನ್‌ಗೆ ಮೈ ಸರಿ ಇಲ್ಲ ಅಂತ ಹೇಳಿ, ಸಾನ್ವಿ..."

"ಬ್ಯಾಡಪ್ಪಾ," ಎಂದಳು ಸಾನ್ವಿ. "ನಾಳೆ ಎಲ್ಲಾರೂ ಅಂತಾರ, ಪಾಪ, ಅಂಕಲ್‌ಗೆ ಆರಾಮಿರ್ಲಿಲ್ಲ, ಅದಕ್ಕ ಹುಡುಗಿಗೆ ಚಾನ್ಸ್ ಸಿಕ್ತು. ನನಗ ಚಾನ್ಸ್ ಸಿಕ್ಕಿದ್ದಲ್ಲ. ಇದು ನಂದು."

"ದೊಡ್ಡೋರಿಗೆ ಎದುರು ಮಾತಾಡ್ಬೇಡ..."

"ಆಕಿ ಖರೇ ಅಂತಾಳೋ," ಎಂದರು ಅಪ್ಪಾಸಾಹೇಬರು. ಸಭಾಂಗಣಕ್ಕೆ ಬಂದ ಮೇಲೆ ಅವರ ಮೊದಲ ಮಾತು ಅದು. ಆನಂದ್ ಹಿಂದೆ ಸರಿದ.

ಆಗ ಸರೋಜಾ ಕೈ ಚಾಚಿದಳು. ಗಂಡನ ಮುಂದೆ. ಅಂಗೈ ಮೇಲಾಗಿ.

"ಕಾರಿನ ಕೀ ಕೊಡಿ."

"ಸರೋಜಾ, ಮನೆಗೆ ಹೋಗಿ ಮಾತಾಡೋಣ."

"ಮನೇಲಿ ಏನು ಮಾತಾಡ್ತೀರಿ? ಗುರುವಾರ ಸಂಜೆ ಡಬ್ಬಿ ಎಲ್ಲಿ ಅಂತ ಕೇಳಿದ್ರಿ. ವಾಪಸ್ ಕೊಟ್ಟೆ ಅಂದ ತಕ್ಷಣ ಟವೆಲಲ್ಲಿ ಏನೋ ಸುತ್ತಿ ಟ್ರಂಕಿಗೆ ಹಾಕಿದ್ರಿ. ಏನು ಅಂದೆ. ನಿನಗೆ ಅರ್ಥ ಆಗಲ್ಲ ಅಂದ್ರಿ." ಅವಳ ಕೈ ಚಾಚಿಯೇ ಇತ್ತು. "ಈಗ ಅರ್ಥ ಆಯ್ತು. ಕೀ."

ಅವನು ಕೀ ಕೊಟ್ಟ. ಬೇರೆ ದಾರಿ ಇರಲಿಲ್ಲ. ಸರೋಜಾ ಹೊರಗೆ ನಡೆದಳು. ಸುಮಿತ್ರವ್ವ ಅವಳ ಜೊತೆಗೆ ಹೋದರು.

ಕುಮುದಾ ರೆಫರಿಗೆ ನಡೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ಮೈ ಸರಿ ಇಲ್ಲ ಎಂದು ಹೇಳಲಿಲ್ಲ. ಆತ ಗಡ್ಡ ನೀವಿಕೊಂಡ. ನಾಲ್ಕು ಹಡಗು ಮೇಜಿಗೆ ಬಂದರೆ ಡಲ್ಲಾಸ್‌ನ ಆಟಗಾರ್ತಿ ಆಡಬಹುದು ಎಂದ.

"ಒಂದ್ ಮಾತು," ಎಂದ ನಂದಕುಮಾರ್ ಸುತ್ತ ನಿಂತವರಿಗೆ. "ನನ್ನ ವಿಲನ್ ಅಂದೋರು ಯಾರೂ ಸಾರಿ ಹೇಳೋದ್ ಬೇಡ. ಮುಂದಿನ ಯುಗಾದಿಗೆ ನಂಗೂ ಒಂದ್ ಸ್ಟೀಲ್ ಡಬ್ಬಿ ಕೊಟ್ಬಿಡಿ, ಸಾಕು."

ಯಾರೋ ನಕ್ಕರು. ಮೋಹನರಾಜ ತಲೆ ಎತ್ತಲಿಲ್ಲ.

ಸರೋಜಾ ಟವೆಲಿನ ಗಂಟು ಎದೆಗೊತ್ತಿಕೊಂಡು ಬಂದಳು. ಮೇಜಿನ ಮೇಲೆ ಬಿಚ್ಚಿದಳು. ಅಕಾಗಿ. ಕಾಗಾ. ಸೊರ್ಯು. ಹಿರ್ಯು. ಒಂದಕ್ಕೂ ಗೀರು ಬಿದ್ದಿರಲಿಲ್ಲ. ಅಪ್ಪಾಸಾಹೇಬರು ಒಂದೊಂದನ್ನೇ ಬೆರಳಿನಿಂದ ಮುಟ್ಟಿ ನೋಡಿದರು. ಡೆಕ್ಕು, ಚಿಮಣಿ, ತುದಿ. ಹಲ್ಲು ಪರೀಕ್ಷಿಸುವ ಹಾಗೆ.

"ಎಲ್ಲಾ ಗಟ್ಟಿ ಅದಾವು," ಎಂದರು.

ಮೋಹನರಾಜ ಇನ್ನೂ ಕೂತೇ ಇದ್ದ. ಅವನ ಹಡಗುಗಳು ಇನ್ನೂ ಸಾಲಾಗಿ ಹವಾಯಿಯತ್ತ ಮುಖ ಮಾಡಿದ್ದವು.

"ನಿನಗೆ ಆಟ ಕಲಿಸಿದ್ದು ನಾನು ಸಾನ್ವಿ," ಎಂದ, ಅವಳಿಗೆ ಮಾತ್ರ ಕೇಳುವಂತೆ.

"ಹೌದ್ರಿ," ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ಛಲೋ ಕಲಿಸೀರಿ. ಈಗ ಕುರ್ಚಿ ಬಿಡ್ರಿ."

ಅವನು ಎದ್ದ. ಸಾನ್ವಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕೂತಳು. ರೆಫರಿ ಗಂಟೆ ಬಾರಿಸಿದ.